ಆಮ್ಲ ಮಳೆಗೆ ಹೆಸರಿಟ್ಟ ಊರಿನಿಂದ

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಆಮ್ಲ ಮಳೆ ಪಾಠ ಮಾಡಿದ್ದೇನೆ. ಗಂಧಕದ ಡೈಆಕ್ಸೈಡ್, ತಾಜ್ ಮಹಲಿನ ಅಮೃತಶಿಲೆ, ಪಿಎಚ್ 5.6. ಬೋರ್ಡಿನ ಮೇಲೆ ಎರಡು ಸಮೀಕರಣ ಬರೆದರೆ ಮುಗೀತು. ಈ ಹೆಸರು ಇಟ್ಟವರು ಯಾರು ಸರ್ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಸುಮ್ನೆ ಹುಡುಕುತ್ತ ಕೂತಾಗ ಸಿಕ್ಕಿತು. ರಾಬರ್ಟ್ ಆಂಗಸ್ ಸ್ಮಿತ್ ಅನ್ನುವ ರಸಾಯನಶಾಸ್ತ್ರಜ್ಞ. ಕೆಲಸ ಮಾಡಿದ ಊರು ಮ್ಯಾಂಚೆಸ್ಟರ್. ನನ್ನ ಮಗಳು ಸಂಸಾರ ಹೂಡಿರುವುದೂ ಅದೇ ಊರಲ್ಲಿ.

ಹೀಗಾಗಿ ಜೂನ್ ತಿಂಗಳಲ್ಲಿ ನಾನು, ನನ್ನ ಹೆಂಡತಿ ಹುಬ್ಬಳ್ಳಿಯಿಂದ ಹೊರಟೆವು. ಕಾರ್ಖಾನೆಯ ಹೊಗೆ ನೋಡಿ ಜನ ಮೊದಲ ಸಲ 'ಇದು ಸರಿಯಲ್ಲ' ಅಂದದ್ದು ಎಲ್ಲಿ, ಅಂದವರು ಯಾರು, ಅದನ್ನು ನೋಡಿ ಬರುವುದು ನನ್ನ ಆಸೆ. ಅವಳ ಆಸೆ ಲಂಡನ್ ನೋಡುವುದು. ಸಂಧಾನ ಆಗಿದ್ದು ಹೀಗೆ: ಮೊದಲ ಏಳು ದಿನ ನನ್ನದು, ಆಮೇಲಿನ ನಾಲ್ಕು ದಿನ ಅವಳದು. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ನನ್ನದೊಂದು ಪಿಎಚ್ ಕಾಗದದ ಕಟ್ಟು. ನೀರಿಗೆ ಅದ್ದಿ ಬಣ್ಣ ನೋಡಿದರೆ ಹುಳಿ ಎಷ್ಟು ಅಂತ ಗೊತ್ತಾಗುತ್ತದೆ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ.

ದಿನ 1, ಸೋಮವಾರ: ಮ್ಯಾಂಚೆಸ್ಟರ್

ಎದ್ದಾಗಲೇ ಜಿಟಿಜಿಟಿ ಮಳೆ. ಬಾಲ್ಕನಿಯಲ್ಲಿ ಗಾಜಿನ ಲೋಟ ಇಟ್ಟು ಒಂದಿಷ್ಟು ಹಿಡಿದೆ. ಕಾಗದ ಅದ್ದಿದರೆ ಹಳದಿ. ಐದೂವರೆ, ಆರು, ಆ ಸುಮಾರು. ಅಂದರೆ ಪಾಠದ ಪ್ರಕಾರ ಹೆಚ್ಚುಕಮ್ಮಿ ಶುದ್ಧ ಮಳೆ.

"ಅಪ್ಪಾ, ಇಲ್ಲಿಗೂ ಲ್ಯಾಬ್ ಹೊತ್ಕೊಂಡು ಬಂದೀಯೇನು?" ಅಂತ ಮಗಳು ನಕ್ಕಳು.

ಮೊದಲು ಹೋಗಿದ್ದು ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂಗೆ. ಅದು ಇರುವುದೇ ಲಿವರ್‌ಪೂಲ್ ರೋಡ್ ಅನ್ನುವ ಹಳೇ ರೈಲು ನಿಲ್ದಾಣದ ಜಾಗದಲ್ಲಿ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾಯಿತಲ್ಲ, ಅದರ ಈ ಕಡೆಯ ತುದಿ ಇದು. ಒಳಗೆ ಹತ್ತಿ ನೂಲುವ, ನೇಯುವ ಹಳೇ ಯಂತ್ರಗಳಿವೆ. ಒಬ್ಬರು ಬಂದು ಒಂದು ಮಗ್ಗ ಓಡಿಸಿ ತೋರಿಸಿದರು. ಒಂದೇ ಮಗ್ಗಕ್ಕೆ ಕಿವಿ ಗುಂಯ್ ಅಂದಿತು. ಇಂಥ ನೂರಾರು ಮಗ್ಗಗಳ ನಡುವೆ ದಿನವಿಡೀ ನಿಂತವರ ಕಿವಿ ಏನಾಗಿರಬೇಡ.

ಹತ್ತಿ ಅಂದ ಕೂಡಲೇ ನಮ್ಮ ಊರು ನೆನಪಾಗದೆ ಇರುತ್ತದೆಯೇ? 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತರಿಸಿ, ಅಲ್ಲಿನ ತೋಟಗಾರರನ್ನೇ ಕರೆಸಿ, ಹುಬ್ಬಳ್ಳಿ ಸುತ್ತಮುತ್ತ ಬೆಳೆಸಿ ನೋಡಿತು. ಆ ತಳಿಗೆ 'ಧಾರವಾಡ-ಅಮೆರಿಕನ್' ಅಂತಲೇ ಹೆಸರು ಬಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನವರ ಕಣ್ಣು ಪೂರ್ತಿ ನಮ್ಮ ಕಡೆ ತಿರುಗಿತು. ಕಾರವಾರದಲ್ಲಿ ಬಂದರು ಮಾಡಿ, ಧಾರವಾಡದ ಹತ್ತಿ ಅಲ್ಲಿಗೆ ಇಳಿಯಲು ರಸ್ತೆ ಮಾಡಿ ಅಂತ ಒತ್ತಾಯ ಬಂತು. 1862ರಲ್ಲಿ ಉತ್ತರ ಕನ್ನಡ ಮದ್ರಾಸನ್ನು ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. ಇಲ್ಲಿನ ಚಿಮಣಿಗೂ ನಮ್ಮ ಎರೆ ಹೊಲಕ್ಕೂ ಹಳೇ ಪರಿಚಯ, ಅಲ್ವಾ.

ಮಧ್ಯಾಹ್ನ ಚೆಥಮ್ಸ್ ಲೈಬ್ರರಿ. 1653ರಲ್ಲಿ ಶುರುವಾದದ್ದು. ಕಿಟಕಿಯ ಪಕ್ಕದ ಒಂದು ಮೇಜಿನಲ್ಲಿ 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕೂತು ಓದುತ್ತಿದ್ದರು. ಎಂಗೆಲ್ಸ್ ಈ ಊರಿಗೆ ಬಂದದ್ದು 1842ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. ಅವರಪ್ಪನಿಗೆ ಇಲ್ಲಿ ದಾರ ತಯಾರಿಸುವ ಗಿರಣಿಯಲ್ಲಿ ಪಾಲಿತ್ತು. ಹಗಲು ಆಫೀಸು, ಉಳಿದ ಹೊತ್ತಿನಲ್ಲಿ ಕಾರ್ಮಿಕರ ಕೇರಿ ಸುತ್ತುವುದು. ಇರ್ಕ್ ಅನ್ನುವ ನದಿಯ ಸೇತುವೆ ಮೇಲೆ ನಿಂತು ಕೆಳಗೆ ಕಂಡದ್ದನ್ನು ಆತ ಬರೆದಿಟ್ಟಿದ್ದಾನೆ: ಕಪ್ಪು ನೀರು, ಹಸಿರು ಕೆಸರು, ಗುಳ್ಳೆ ಗುಳ್ಳೆಯಾಗಿ ಏಳುವ ದುರ್ವಾಸನೆ. ಚರ್ಮ ಹದ ಮಾಡುವವರು, ಬಣ್ಣ ಹಾಕುವವರು, ಎಲ್ಲರ ಕೊಳೆಯೂ ಅದಕ್ಕೇ. ಆ ನದಿ ನೋಡೋಣ ಅಂತ ಹೊರಟರೆ ನದಿಯೇ ಕಾಣುವುದಿಲ್ಲ. ಅದನ್ನು ಮುಚ್ಚಿ, ವಿಕ್ಟೋರಿಯಾ ರೈಲು ನಿಲ್ದಾಣದ ಅಡಿಯಲ್ಲಿ ಹಾಯಿಸಿದ್ದಾರೆ.

"ಎಲ್ಲಾರೂ ಹೆಂಡ್ತೀನ ಕರ್ಕೊಂಡು ಬಂದು ಲಂಡನ್ ತೋರಸ್ತಾರ. ನೀವು ಗಟಾರ ಎಲ್ಲೈತಿ ಅಂತ ಹುಡುಕ್ತೀರಿ. ಅದೂ ಸಿಗವಲ್ದು," ಅಂದಳು ಹೆಂಡತಿ.

ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರದವರು ಹೇಳುತ್ತಿದ್ದ ಪತಂಗದ ಕತೆಯೂ ಈ ಊರಿನದೇ. ಬಿಳಿ ಮೈ ಮೇಲೆ ಕರಿ ಚುಕ್ಕೆಯ ಪತಂಗ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪೂರ್ತಿ ಕಪ್ಪಗಿನದೊಂದು ಸಿಕ್ಕಿತು. 1895ರ ಹೊತ್ತಿಗೆ ನೂರಕ್ಕೆ ತೊಂಬತ್ತೆಂಟು ಕಪ್ಪೇ. ಮರದ ತೊಗಟೆಗೆ ಮಸಿ ಹಿಡಿದಿತ್ತು. ಅದರ ಮೇಲೆ ಕೂತ ಬಿಳಿಯವು ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತಿದ್ದವು.

ಇಂಥ ಊರಲ್ಲಿ ಸ್ಮಿತ್ ಮಳೆ ನೀರು ಹಿಡಿದು ಪರೀಕ್ಷೆ ಮಾಡುತ್ತ ಕೂತ. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, 1817ರಲ್ಲಿ. ಜರ್ಮನಿಯಲ್ಲಿ ರಸಾಯನಶಾಸ್ತ್ರಜ್ಞ ಲೀಬಿಗ್ ಅವರ ಹತ್ತಿರ ಕಲಿತು ಬಂದವನು. 1852ರಲ್ಲಿ ಒಂದು ಲೇಖನ ಬರೆದ. ಊರ ಹೊರಗಿನ ಹೊಲದ ಮೇಲೆ ಬೀಳುವ ಮಳೆಯಲ್ಲಿ ಅಮೋನಿಯಂ ಕಾರ್ಬೋನೇಟ್. ಊರಂಚಿಗೆ ಬಂದರೆ ಅಮೋನಿಯಂ ಸಲ್ಫೇಟ್. ಊರೊಳಗೆ ಗಂಧಕಾಮ್ಲ. ಅಂದರೆ ಒಂದೇ ಮಳೆ, ಮೂರು ಬೇರೆ ಬೇರೆ ನೀರು. ಬಟ್ಟೆಯ ಬಣ್ಣ ಯಾಕೆ ಮಾಸುತ್ತದೆ, ಕಬ್ಬಿಣ ಯಾಕೆ ಬೇಗ ತುಕ್ಕು ಹಿಡಿಯುತ್ತದೆ ಅನ್ನುವುದಕ್ಕೂ ಅಲ್ಲೇ ಕಾರಣ ಹೇಳಿದ. ಎಷ್ಟು ಸರಳವಾದ ಪ್ರಯೋಗ! ನನ್ನ ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ಮಕ್ಕಳ ಕೈಗೆ ಲೋಟ ಕೊಟ್ಟು ಊರ ಮೂರು ಕಡೆಯ ಮಳೆ ಹಿಡಿದು ತರ್ರಪ್ಪಾ ಅನ್ನಬಹುದಿತ್ತು.

ದಿನ 2, ಮಂಗಳವಾರ: ವಿಡ್ನೆಸ್

ಪ್ರವಾಸಕ್ಕೆಂದು ವಿಡ್ನೆಸ್‌ಗೆ ಹೋಗುತ್ತೇವೆ ಅಂದರೆ ಮ್ಯಾಂಚೆಸ್ಟರಿನವರೇ ನಗುತ್ತಾರೆ. ಮಗಳ ನೆರೆಯವರು ಎರಡು ಸಲ ಕೇಳಿದರು. ರೈಲಿನಲ್ಲಿ ಹೋಗಿ, ಆಮೇಲೆ ಬಸ್ ಹಿಡಿದು, ಮರ್ಸಿ ನದಿಯ ದಂಡೆಗೆ ತಲುಪಿದೆವು. ಈ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ. ಮುಂದೆ ನೋಡಿದ ಸರೋವರಗಳಲ್ಲ.

ಇಲ್ಲಿರುವುದು ಕೆಟಲಿಸ್ಟ್ ಅನ್ನುವ ರಸಾಯನ ಉದ್ಯಮದ ಮ್ಯೂಸಿಯಂ. ವಿಲಿಯಂ ಗಾಸೇಜ್ ಅನ್ನುವವನ ಸೋಪಿನ ಕಾರ್ಖಾನೆಗೆ ಸೇರಿದ ಹಳೇ ಕಟ್ಟಡ ಅದು. ಮೇಲಿನ ಗಾಜಿನ ಕೋಣೆಯಿಂದ ನದಿ, ಸೇತುವೆ, ಪಕ್ಕದ ಸ್ಪೈಕ್ ಐಲೆಂಡ್ ಎಲ್ಲ ಕಾಣುತ್ತವೆ. ಸ್ಪೈಕ್ ಐಲೆಂಡ್ ಈಗ ಹಸಿರು ಪಾರ್ಕು. ನಾಯಿ ತಿರುಗಿಸುವವರು, ಗಾಳ ಹಾಕಿ ಕೂತವರು. ನೂರೈವತ್ತು ವರ್ಷದ ಹಿಂದೆ ಇಲ್ಲಿ ಹುಲ್ಲುಕಡ್ಡಿಗೂ ಬದುಕುವುದು ಕಷ್ಟವಿತ್ತು.

ಯಾಕೆ ಅಂತ ಹೇಳಲು ಒಂದಿಷ್ಟು ಪಾಠ ಮಾಡಲೇಬೇಕು, ಕ್ಷಮಿಸಿ. ಸೋಪಿಗೆ ಸೋಡಾ ಬೇಕು. ಗಾಜಿಗೆ ಬೇಕು. ಗಿರಣಿಯ ಬಟ್ಟೆ ತೊಳೆಯಲು ಬೇಕು. ಅದನ್ನು ಮಾಡುವ ಆಗಿನ ದಾರಿ ಲೆಬ್ಲಾಂಕ್ ವಿಧಾನ. ಉಪ್ಪಿಗೆ ಗಂಧಕಾಮ್ಲ ಸೇರಿಸಿ ಕಾಯಿಸಿದರೆ ಸೋಡಿಯಂ ಸಲ್ಫೇಟ್. ಅದನ್ನು ಸುಣ್ಣದ ಕಲ್ಲು, ಕಲ್ಲಿದ್ದಲಿನ ಜೊತೆ ಕುಲುಮೆಗೆ ಹಾಕಿದರೆ ಸೋಡಾ. ತೊಂದರೆ ಎರಡು. ಮೊದಲ ಹಂತದಲ್ಲೇ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಡುತ್ತದೆ. ಎರಡನೇ ಹಂತದಲ್ಲಿ ಕ್ಯಾಲ್ಸಿಯಂ ಸಲ್ಫೈಡಿನ ರಾಡಿ ಉಳಿಯುತ್ತದೆ. ಆವಿಯನ್ನು ಚಿಮಣಿಯಿಂದ ಮೇಲಕ್ಕೆ ಬಿಟ್ಟರು. ರಾಡಿಯನ್ನು ಪಕ್ಕದಲ್ಲೇ ಗುಡ್ಡೆ ಹಾಕಿದರು.

ಆವಿ ತಗುಲಿ ಸುತ್ತಲಿನ ಬೇಲಿ, ಮರ, ಬೆಳೆ ಸುಟ್ಟುಹೋದವು. ಜಮೀನುದಾರರು ಕೋರ್ಟಿಗೆ ಹೋದರು. ಕಾರ್ಖಾನೆಯವರು ಚಿಮಣಿಯನ್ನು ಇನ್ನೂ ಎತ್ತರ ಮಾಡಿದರು. ಆಗ ಹೊಗೆ ಮುಂದಿನ ಊರಿಗೆ ಹೋಯಿತು. ಅಲ್ಲಿನವರು ಕೋರ್ಟಿಗೆ ಹೋದರು. ಹತ್ತು ಚಿಮಣಿ ಇರುವ ಕಡೆ ನನ್ನ ಮರ ಸುಟ್ಟದ್ದು ಇಂಥದೇ ಚಿಮಣಿ ಅಂತ ತೋರಿಸುವುದು ಹೇಗೆ?

ತಮಾಷೆ ಅಂದರೆ ಪರಿಹಾರ ಆಗಲೇ ಇತ್ತು. ಇದೇ ಗಾಸೇಜ್ 1836ರಲ್ಲಿ ಒಂದು ಪಾಳು ಗಾಳಿಯಂತ್ರದ ಗೋಪುರದಲ್ಲಿ ಮುಳ್ಳುಕಂಟಿ ತುಂಬಿ, ಮೇಲಿನಿಂದ ನೀರು ತೊಟ್ಟಿಕ್ಕಿಸಿ, ಕೆಳಗಿನಿಂದ ಆವಿ ಬಿಟ್ಟಿದ್ದ. ಆಮ್ಲ ನೀರಲ್ಲಿ ಕರಗಿ ಕೆಳಗಿಳಿಯಿತು. ಇವತ್ತಿನ ಕಾರ್ಖಾನೆಗಳಲ್ಲಿ ಹೊಗೆ ತೊಳೆಯುವ ಸ್ಕ್ರಬ್ಬರಿನ ಮುತ್ತಜ್ಜ ಅದು. ಅಷ್ಟು ಸುಲಭ. ಆದರೆ ಹಾಗೆ ಹಿಡಿದ ಆಮ್ಲಕ್ಕೆ ಆಗ ಒಳ್ಳೇ ಗಿರಾಕಿ ಇರಲಿಲ್ಲ. ಸುಮ್ನೆ ಯಾರು ಖರ್ಚು ಮಾಡುತ್ತಾರೆ?

1862ರಲ್ಲಿ ಲಾರ್ಡ್ ಡರ್ಬಿ ಇದನ್ನು ಪಾರ್ಲಿಮೆಂಟಿಗೆ ಒಯ್ದರು. ಅವರ ಸ್ವಂತ ಎಸ್ಟೇಟು ಈ ಭಾಗದಲ್ಲೇ ಇತ್ತು, ಅದು ಬೇರೆ ಮಾತು. ಮರುವರ್ಷ ಸೋಡಾ ಕಾರ್ಖಾನೆಗಳ ಮೇಲೆ ಆಲ್ಕಲಿ ಕಾಯ್ದೆ ಬಂತು. ಹೊರಡುವ ಆಮ್ಲದ ಆವಿಯಲ್ಲಿ ನೂರಕ್ಕೆ ತೊಂಬತ್ತೈದು ಭಾಗ ಹಿಡಿಯಲೇಬೇಕು. ಹಿಡಿದಿದ್ದಾರೋ ಇಲ್ಲವೋ ಅಂತ ಅಳೆಯಲು ಸರ್ಕಾರದ ಇನ್ಸ್‌ಪೆಕ್ಟರ್. ಆ ಮೊದಲ ಇನ್ಸ್‌ಪೆಕ್ಟರೇ ನಮ್ಮ ಸ್ಮಿತ್. ಮೂಗಿಗೆ ವಾಸನೆ ಬಂತು ಅನ್ನುವ ದೂರು ಬಿಟ್ಟು, ಅಳೆದು ಅಂಕಿ ಹೇಳುವ ಕಾನೂನು. ಪರಿಸರದ ವಿಚಾರ ಅಂದರೆ ನಮಗೆ ಕವಿಗಳು, ಕಾಡು, ಹಕ್ಕಿ ನೆನಪಾಗುತ್ತವೆ. ನನ್ನ ಮಟ್ಟಿಗೆ ಅದರ ಒಂದು ಬೇರು ಈ ಗೋಪುರದ ಬುಡದಲ್ಲಿ, ಪಿಪೆಟ್ ಹಿಡಿದು ನಿಂತ ಈ ಮನುಷ್ಯನಲ್ಲಿದೆ.

ಸ್ಮಿತ್ ಕೇಸು ಹಾಕುವುದಕ್ಕಿಂತ ತಿದ್ದಿ ಹೇಳುವುದೇ ಜಾಸ್ತಿ. ಮಾಲೀಕರ ಮೇಲೆ ಮೆತ್ತಗಾದ ಅಂತ ಆಗಲೇ ಬೈದವರಿದ್ದಾರೆ. ನಾನೂ ಮೇಷ್ಟ್ರೇ ಆದ್ದರಿಂದ ಪೂರ್ತಿ ಬೈಯಲಾರೆ. ಆದರೆ ಕಾಯ್ದೆಯಲ್ಲಿ ಒಂದು ದೊಡ್ಡ ತೂತಿತ್ತು. ಗಾಳಿಯ ಬಗ್ಗೆ ಹೇಳಿತ್ತೇ ಹೊರತು ನೀರಿನ ಬಗ್ಗೆ ಹೇಳಿರಲಿಲ್ಲ. ಹಿಡಿದ ಆಮ್ಲವನ್ನು ಹಳ್ಳಕ್ಕೆ ಬಿಟ್ಟರು. ಹಳ್ಳದ ದಂಡೆಯಲ್ಲಿ ಆ ಸಲ್ಫೈಡ್ ರಾಡಿ. ಎರಡೂ ಸೇರಿದರೆ ಏನಾಗುತ್ತದೆ? ಪಿಯುಸಿ ಲ್ಯಾಬಿಗೆ ಹೋದವರೆಲ್ಲರಿಗೂ ಗೊತ್ತು: ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ನಾತ. ಇಡೀ ಊರೇ ಲ್ಯಾಬು.

ಮುಂದೆ ಆ ಆಮ್ಲದಿಂದ ಕ್ಲೋರಿನ್, ಅದರಿಂದ ಬಟ್ಟೆ ಬಿಳಿ ಮಾಡುವ ಬ್ಲೀಚಿಂಗ್ ಪೌಡರ್ ಮಾಡಿ ಮಾರುವುದು ದೊಡ್ಡ ವ್ಯಾಪಾರವೇ ಆಯಿತು. ಕಸಕ್ಕೆ ಬೆಲೆ ಬಂತು. 'ಆಮ್ಲ ಮಳೆ' ಅನ್ನುವ ಮಾತನ್ನು ಸ್ಮಿತ್ ಗಾಳಿ–ಮಳೆಯ ರಸಾಯನದ ಮೇಲೆ 1872ರಲ್ಲಿ ತಂದ ದಪ್ಪ ಪುಸ್ತಕದಲ್ಲಿ ಬಳಸಿದ. ನೂರು ವರ್ಷ ಅದನ್ನು ಹೆಚ್ಚು ಜನ ತಿರುವಿ ನೋಡಲಿಲ್ಲ.

ನದಿ ದಂಡೆಯ ಬೆಂಚಿನ ಮೇಲೆ ರೊಟ್ಟಿ, ಚಟ್ನಿ ತಿಂದೆವು. "ಇದು ಪಾರ್ಕ್ ಚಲೋ ಐತಿ," ಅಂದಳು. ಕೆಳಗೆ ಏನಿದೆ ಅಂತ ನಾನು ಹೇಳಲಿಲ್ಲ.

ದಿನ 3, ಬುಧವಾರ: ವಿಂಡರ್‌ಮಿಯರ್

ಆಕ್ಸನ್‌ಹೋಮ್‌ನಲ್ಲಿ ರೈಲು ಬದಲಿಸಿ, ಇಂಗ್ಲೆಂಡಿನ ಸರೋವರ ಸೀಮೆಯ ವಿಂಡರ್‌ಮಿಯರ್‌ಗೆ. ಸಣ್ಣ ಲೈನು. ಹಳೇ ಸ್ಟೇಷನ್ ಕಟ್ಟಡದಲ್ಲಿ ಈಗ ಸೂಪರ್‌ಮಾರ್ಕೆಟ್ ಇದೆ.

ಈ ಲೈನಿನ ಮೇಲೇ 1844ರಲ್ಲಿ ಕವಿ ವರ್ಡ್ಸ್‌ವರ್ತ್ ಸಿಟ್ಟಾಗಿದ್ದು. ಆಗ ಅವರಿಗೆ ಎಪ್ಪತ್ತನಾಲ್ಕು. ಪತ್ರಿಕೆಗೆ ಒಂದು ಸಾನೆಟ್ ಬರೆದರು, ಎರಡು ಉದ್ದದ ಪತ್ರ ಬರೆದರು. ಇಂಗ್ಲೆಂಡಿನಲ್ಲಿ ಒಂದು ಮೂಲೆಯೂ ಇವರ ದಾಳಿಯಿಂದ ಉಳಿಯುವುದಿಲ್ಲವೇ ಅನ್ನುವುದು ಸಾನೆಟ್ಟಿನ ಪ್ರಶ್ನೆ. ಅಲ್ಲಿಯವರೆಗೆ ನಾನೂ ಅವರ ಕಡೆ. ಪತ್ರಗಳಲ್ಲಿ ಮಾತ್ರ ಒಂದು ಮಾತು ಚುಚ್ಚುತ್ತದೆ. ಗಿರಣಿಯ ಕೆಲಸಗಾರರನ್ನು ಸಾವಿರಗಟ್ಟಲೆ ಇಲ್ಲಿಗೆ ತಂದು ಇಳಿಸಿದರೆ ಅವರಿಗೇನೂ ಲಾಭವಿಲ್ಲ, ಇಂಥ ಚೆಲುವನ್ನು ಸವಿಯುವುದಕ್ಕೆ ನಿಧಾನವಾಗಿ ಅಭ್ಯಾಸವಾಗಬೇಕು ಅನ್ನುವ ಅರ್ಥದ ಮಾತು. ಇದೇ ಕವಿ ಮೊದಲು ತಮ್ಮ ಸರೋವರ ಮಾರ್ಗದರ್ಶಿಯಲ್ಲಿ, ಈ ಸೀಮೆ ಒಂದು ರೀತಿಯಲ್ಲಿ ರಾಷ್ಟ್ರದ ಆಸ್ತಿ, ನೋಡುವ ಕಣ್ಣು ಸವಿಯುವ ಮನಸ್ಸು ಇರುವ ಪ್ರತಿಯೊಬ್ಬನಿಗೂ ಇದರಲ್ಲಿ ಹಕ್ಕಿದೆ ಅಂದಿದ್ದರು. ಯಾರಿಗೆ ಕಣ್ಣಿದೆ ಅಂತ ತೀರ್ಮಾನಿಸುವವರು ಯಾರು?

ರೈಲು 1847ರಲ್ಲಿ ಬಂದೇಬಿಟ್ಟಿತು. ಆದರೆ ಸರೋವರದ ದಂಡೆಯವರೆಗೆ ಹೋಗದೆ ಬರ್ತ್‌ವೇಟ್ ಅನ್ನುವ ಹಳ್ಳಿಯಲ್ಲೇ ನಿಂತಿತು. ಆ ಹಳ್ಳಿಯೇ ಬೆಳೆದು ವಿಂಡರ್‌ಮಿಯರ್ ಪಟ್ಟಣ ಆಗಿದೆ. ಸ್ಟೇಷನ್ ಎದುರಿನ ಆರೆಸ್ಟ್ ಹೆಡ್ ಗುಡ್ಡ ಹತ್ತಲು ನಮಗೆ ಮುಕ್ಕಾಲು ಗಂಟೆ ಬೇಕಾಯಿತು. ಮೇಲೆ ನಿಂತರೆ ಉದ್ದಕ್ಕೆ ಮಲಗಿದ ನೀರು, ಹಿಂದೆ ಸಾಲು ಗುಡ್ಡ. ಇದನ್ನು ನೋಡಲು ನಮ್ಮಂಥ ಮೊಣಕಾಲು ನೋವಿನವರು ಬಂದದ್ದು ಅದೇ ರೈಲಿನಲ್ಲಿ. ಮುದುಕ ಕವಿಯ ಜೊತೆ ಜಗಳ ಆಡಬೇಕು ಅನಿಸಿತು, ಆಡಲು ಉಸಿರಿರಲಿಲ್ಲ.

ದಿನ 4, ಗುರುವಾರ: ಕಾನಿಸ್ಟನ್

ಆಂಬಲ್‌ಸೈಡಿನಲ್ಲಿ ರಸ್ತೆಯ ತಪ್ಪು ಬದಿಯಲ್ಲಿ ನಿಂತು ಬಸ್ ಕಳೆದುಕೊಂಡೆವು. ತಪ್ಪು ನನ್ನದೇ. ಮುಂದಿನ ಬಸ್ಸಿನವರೆಗೆ ಹೆಂಡತಿ ಮಾತಾಡಲಿಲ್ಲ.

ಕಾನಿಸ್ಟನ್‌ನಿಂದ ಲಾಂಚ್‌ನಲ್ಲಿ ಆಚೆ ದಂಡೆಗೆ ಹೋದರೆ ಬ್ರಾಂಟ್‌ವುಡ್, ಲೇಖಕ, ಕಲಾವಿಮರ್ಶಕ ಜಾನ್ ರಸ್ಕಿನ್ ಮನೆ. 1871ರಲ್ಲಿ ನೋಡದೆಯೇ 1500 ಪೌಂಡ್ ಕೊಟ್ಟು ಕೊಂಡದ್ದು. 1900ರಲ್ಲಿ ತೀರಿಕೊಂಡದ್ದೂ ಇಲ್ಲೇ. ಮಲಗುವ ಕೋಣೆಗೆ ಅಂಟಿಕೊಂಡಂತೆ ಒಂದು ಸಣ್ಣ ಗಾಜಿನ ಗೋಪುರ ಕಟ್ಟಿಸಿಕೊಂಡಿದ್ದಾರೆ. ಅಲ್ಲಿಂದ ಸರೋವರ, ಗುಡ್ಡ, ಆಕಾಶ.

ರಸ್ಕಿನ್ ದಿನಾ ಆಕಾಶ ನೋಡಿ ಡೈರಿ ಬರೆಯುವ ಮನುಷ್ಯ. 1870ರ ದಶಕದಿಂದ ಅವರಿಗೆ ಮೋಡ ಬದಲಾದಂತೆ ಕಂಡಿತು. ಮಾಸಲು, ನಡುಗುವ ಗಾಳಿ, ಬೆಳಕನ್ನು ಕೊಲ್ಲುವ ಮೋಡ. 1884ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅದರ ಮೇಲೆ ಎರಡು ಉಪನ್ಯಾಸ ಕೊಟ್ಟರು. ಜನ ತಲೆ ಕೆಟ್ಟಿದೆ ಅಂದರು. ಮನಸ್ಸಿನ ಆರೋಗ್ಯ ಹಲವು ಸಲ ಹದಗೆಟ್ಟಿದ್ದೂ ನಿಜ. ಆದರೆ ದಕ್ಷಿಣಕ್ಕೆ ಬ್ಯಾರೋದಲ್ಲಿ ದೊಡ್ಡ ಕಬ್ಬಿಣ–ಉಕ್ಕಿನ ಕುಲುಮೆಗಳು ಉರಿಯುತ್ತಿದ್ದವು, ಇನ್ನೂ ಕೆಳಗೆ ಇಡೀ ಲಂಕಾಶೈರ್. ಮೋಡದಲ್ಲಿ ಪಾಪ–ಪುಣ್ಯ ಬೆರೆಸಿ ಮಾತಾಡಿದರು ಅನ್ನುವುದು ನನ್ನ ತಕರಾರು. ಅಳತೆ ಇಲ್ಲ, ಬರೀ ಸಿಟ್ಟು. ಸ್ಮಿತ್ ತೀರಿಕೊಂಡದ್ದೂ ಅದೇ 1884ರಲ್ಲಿ. ಇವರಿಬ್ಬರೂ ಒಂದು ಮಧ್ಯಾಹ್ನ ಚಹಾ ಕುಡಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ರಸ್ಕಿನ್ ಹೆಸರು ನಮ್ಮ ಮನೆಗೆ ಬಂದದ್ದು ಬೇರೆ ದಾರಿಯಿಂದ. 1904ರಲ್ಲಿ ಜೋಹಾನ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಸ್ನೇಹಿತ ಹೆನ್ರಿ ಪೋಲಕ್ ಅವರು ಗಾಂಧೀಜಿಯ ಕೈಗೆ ಒಂದು ಪುಸ್ತಕ ಕೊಟ್ಟರು, 'ಅಂಟು ದಿಸ್ ಲಾಸ್ಟ್'. ಡರ್ಬನ್‌ವರೆಗಿನ ಇಡೀ ದಿನದ ರೈಲು ಪ್ರಯಾಣದಲ್ಲಿ ಓದಿ ಮುಗಿಸಿದರು. ಫೀನಿಕ್ಸ್ ಆಶ್ರಮ ಶುರುವಾಯಿತು. 1908ರಲ್ಲಿ ಆ ಪುಸ್ತಕವನ್ನು ಗುಜರಾತಿ ಭಾಷೆಗೆ ಇಳಿಸಿ 'ಸರ್ವೋದಯ' ಅಂದರು. ನನ್ನ ಅಪ್ಪ ಖಾದಿ ತೊಟ್ಟವರು, ದಿನಕ್ಕೆ ಹತ್ತು ಸಲ ಸರ್ವೋದಯ ಅನ್ನುತ್ತಿದ್ದರು. ಆ ಪದದ ಹಿಂದಿನ ಮನೆ ಇದು ಅಂತ ಗೊತ್ತಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರೇನೋ. ರೈಲನ್ನು ಬೈದ ರಸ್ಕಿನ್ನರ ಪುಸ್ತಕ ಗಾಂಧಿಯ ತಲೆಗೆ ಹತ್ತಿದ್ದು ರೈಲಿನಲ್ಲಿ ಅನ್ನುವುದು ನೆನಪಾಗಿ ನಗು ಬಂತು.

ದಿನ 5, ಶುಕ್ರವಾರ: ಥರ್ಲ್‌ಮಿಯರ್

ಗ್ರಾಸ್‌ಮಿಯರ್‌ನಲ್ಲಿ ವರ್ಡ್ಸ್‌ವರ್ತ್ ಇದ್ದ ಡವ್ ಕಾಟೇಜಿನ ಹಿಂದೆ ಒಂದು ಒಡಕಲು ಬಂಡೆ ಇಟ್ಟಿದ್ದಾರೆ. ತುಂಡು ತುಂಡು ಜೋಡಿಸಿದ್ದು. ಮೇಲೆ ಕೆತ್ತಿದ ಇಂಗ್ಲಿಷ್ ಅಕ್ಷರಗಳು: ವರ್ಡ್ಸ್‌ವರ್ತ್, ತಂಗಿ ಡೊರೊಥಿ, ಸ್ನೇಹಿತ ಕೋಲ್‌ರಿಜ್, ಇವರೆಲ್ಲರ ಹೆಸರಿನ ಮೊದಲಕ್ಷರ. ಆ ಬಂಡೆ ಇದ್ದದ್ದು ಥರ್ಲ್‌ಮಿಯರ್ ದಂಡೆಯ ದಾರಿಯಲ್ಲಿ. ಅಣೆಕಟ್ಟಿನ ಕೆಲಸದಲ್ಲಿ ಒಡೆದುಹೋಯಿತು. ಹಾರ್ಡ್‌ವಿಕ್ ರಾನ್‌ಸ್ಲಿ ಅನ್ನುವ ಪಾದ್ರಿ ಚೂರುಗಳನ್ನು ಆರಿಸಿ ಗುಪ್ಪೆ ಮಾಡಿ ಇಟ್ಟಿದ್ದರು.

ಅದನ್ನು ನೋಡಿಕೊಂಡು ಬಸ್ ಹತ್ತಿ ವೈಥ್‌ಬರ್ನ್ ಚರ್ಚಿನ ಹತ್ತಿರ ಇಳಿದೆವು. ಎದುರಿಗೆ ಥರ್ಲ್‌ಮಿಯರ್. ಶಾಂತ ನೀರು, ದಂಡೆಗೆ ದಟ್ಟ ಸೂಜಿಎಲೆ ಮರ. ನೋಡಿದರೆ ಆದಿಕಾಲದಿಂದ ಹೀಗೇ ಇದ್ದಂತೆ ಕಾಣುತ್ತದೆ. ಇದ್ದದ್ದು ಸಣ್ಣ ಸರೋವರ, ನಡುವೆ ಎಷ್ಟು ಇಕ್ಕಟ್ಟು ಅಂದರೆ ಅಲ್ಲಿ ಒಂದು ಕಾಲುಸೇತುವೆ ಇತ್ತು. ಮ್ಯಾಂಚೆಸ್ಟರ್ ನಗರಸಭೆಗೆ ಕುಡಿಯುವ ನೀರು ಸಾಲದೆ ಬಂದಾಗ ಇಂಜಿನಿಯರ್ ಬೇಟ್‌ಮನ್ ಇದರ ಮೇಲೆ ಕಣ್ಣು ಹಾಕಿದರು. 1877ರಲ್ಲಿ ವಿರೋಧಕ್ಕೆ ಒಂದು ಸಂಘವೇ ಹುಟ್ಟಿತು, ಥರ್ಲ್‌ಮಿಯರ್ ರಕ್ಷಣಾ ಸಂಘ. ಊರವರ ಜಮೀನು ಹೋಗುತ್ತದೆ ಅನ್ನುವುದಷ್ಟೇ ಅಲ್ಲ, ಎಲ್ಲೋ ದೂರದಲ್ಲಿರುವವರೂ ಸೇರಿ 'ಈ ಚೆಲುವು ನಮ್ಮೆಲ್ಲರದು, ಹಾಳು ಮಾಡಬೇಡಿ' ಅಂದರು. ಇಡೀ ದೇಶದಲ್ಲಿ ಚರ್ಚೆಯಾದ ಇಂಥ ಹೋರಾಟ ಅದಕ್ಕೆ ಮುಂಚೆ ಇರಲಿಲ್ಲ ಅನ್ನಬಹುದು. ಸೋತರು. 1879ರಲ್ಲಿ ಕಾಯ್ದೆ ಆಯಿತು. ಆದರೆ ಗುಡ್ಡಗಳಿಗೆ ಜನ ಮೊದಲಿನಂತೆ ಹೋಗಿಬರಬಹುದು ಅನ್ನುವ ಮಾತನ್ನು ಅದರೊಳಗೆ ಸೇರಿಸಿದರು. ನೀರಿನ ಮಟ್ಟ ಸುಮಾರು 50 ಅಡಿ ಏರಿತು. 1894ರಲ್ಲಿ ನೀರು ಮ್ಯಾಂಚೆಸ್ಟರ್ ಮುಟ್ಟಿತು. 96 ಮೈಲಿ ದೂರ, ಎಲ್ಲೂ ಪಂಪಿಲ್ಲ, ಇಳಿಜಾರಿನಲ್ಲೇ ಹರಿದು ಹೋಗುತ್ತದೆ.

ನನ್ನ ಹೆಂಡತಿಯ ತವರು ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಅವಳ ಅಪ್ಪನ ಮನೆಯ ಓಣಿ ಹೋಯಿತು. ಅವಳು ಚರ್ಚಿನ ಕಟ್ಟೆ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದಳು.

"ಗುಡಿ ಉಳಿಸ್ಯಾರ. ಊರ ಮುಳಗಸ್ಯಾರ," ಅಂದಳು.

ಸೋಮವಾರ ಬೆಳಿಗ್ಗೆ ಮಗಳ ಮನೆಯ ನಲ್ಲಿಯಲ್ಲಿ ನಾವು ಕುಡಿದ ನೀರು ಬಹುಶಃ ಇದೇ ಅಂದೆ. ಇರ್ಕ್ ನದಿಯ ದಂಡೆಯಲ್ಲಿ ಕಾಲರಾ ಬಂದು ಸತ್ತ ಊರಿಗೆ ಒಳ್ಳೇ ನೀರು ಬೇಡವೇ ಅಂತಲೂ ಕೇಳಿದೆ. "ಬ್ಯಾಡ ಅಂದೆನೇನು?" ಅಂದಳು. ಅಲ್ಲಿಗೆ ನಮ್ಮ ಚರ್ಚೆ ನಿಂತಿತು. ನೀರಿಗೆ ಕಾಗದ ಅದ್ದುವ ಮನಸ್ಸಾಗಲಿಲ್ಲ.

ದಿನ 6, ಶನಿವಾರ: ಡರ್ವೆಂಟ್‌ವಾಟರ್

ರಾತ್ರಿ ಕೆಸಿಕ್‌ನಲ್ಲಿ ಉಳಿದಿದ್ದೆವು. ಬೆಳಿಗ್ಗೆ ಲಾಂಚ್‌ನಲ್ಲಿ ಬ್ರಾಂಡಲ್‌ಹೋಗೆ. ಓಕ್ ಮರಗಳ ನಡುವೆ ದಂಡೆಯ ದಾರಿ. ವಿಶೇಷ ಏನೂ ಇಲ್ಲ. ಆದರೆ ನನಗೆ ಇಲ್ಲಿಗೆ ಬರಲೇಬೇಕಿತ್ತು.

ಆ ಪಾದ್ರಿ ರಾನ್‌ಸ್ಲಿ ಸುಮ್ಮನೆ ಕೂರುವವರಲ್ಲ. 1883ರಲ್ಲಿ ಹಾನಿಸ್ಟರ್ ಕ್ವಾರಿಯ ಕಲ್ಲು ಸಾಗಿಸಲು ಈ ಕಣಿವೆಯಲ್ಲಿ ರೈಲು ಹಾಕುವ ಯೋಜನೆ ಬಂದಾಗ ಹೋರಾಡಿ ನಿಲ್ಲಿಸಿದರು. ಬರೀ ವಿರೋಧ ಮಾಡಿದರೆ ಸಾಲದು, ಜಾಗವನ್ನೇ ಕೊಂಡು ಜನರ ಹೆಸರಲ್ಲಿ ಇಡಬೇಕು ಅನ್ನುವ ಯೋಚನೆ ಗಟ್ಟಿಯಾಯಿತು. ಲಂಡನ್ನಿನ ಬಡವರಿಗೆ ಮನೆ ಮಾಡಿಕೊಡುತ್ತಿದ್ದ ಆಕ್ಟೇವಿಯಾ ಹಿಲ್, ಊರ ಗೋಮಾಳ ಉಳಿಸಲು ಕೇಸು ನಡೆಸುತ್ತಿದ್ದ ವಕೀಲ ರಾಬರ್ಟ್ ಹಂಟರ್, ಈ ಪಾದ್ರಿ, ಮೂವರೂ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. 1902ರಲ್ಲಿ ಸರೋವರ ಸೀಮೆಯಲ್ಲಿ ಮೊದಲು ಕೊಂಡ ಜಾಗ ಈ ಬ್ರಾಂಡಲ್‌ಹೋ. 108 ಎಕರೆ, 6500 ಪೌಂಡ್, ಎಲ್ಲ ಜನರ ಚಂದಾ. ಕಾರ್ಖಾನೆ ಊರುಗಳಿಂದಲೂ ದುಡ್ಡು ಬಂತು. ಒಬ್ಬ ಕೆಲಸಗಾರ ಹೀಗೆ ಬರೆದಿದ್ದ: ಎರಡು ಶಿಲ್ಲಿಂಗಿಗಿಂತ ಜಾಸ್ತಿ ಕೊಡಲಾರೆ, ಆದರೆ ಡರ್ವೆಂಟ್‌ವಾಟರ್ ಒಮ್ಮೆ ನೋಡಿದ್ದೇನೆ, ಮರೆಯಲಾರೆ.

1844ರ ಆ ಪತ್ರಗಳಿಗೆ ಇದು ಉತ್ತರ. ಐವತ್ತೆಂಟು ವರ್ಷ ತಡವಾಗಿ ಬಂತು, ಅಷ್ಟೇ.

ಸಂಜೆ ಬಸ್ಸು, ರೈಲು, ಮಗಳ ಮನೆ, ಬಿಸಿ ಅನ್ನ ಸಾರು.

ದಿನ 7, ಭಾನುವಾರ: ಹೇಫೀಲ್ಡ್, ಸ್ನೇಕ್ ಪಾಸ್

ಮಗಳಿಗೆ ರಜೆ, ಕಾರು ತೆಗೆದಳು. ಮೊದಲು ಹೇಫೀಲ್ಡ್ ಊರಿನ ಬೌಡನ್ ಬ್ರಿಜ್ ಕ್ವಾರಿ. ಈಗ ಕಾರು ನಿಲ್ಲಿಸುವ ಜಾಗ, ಕಲ್ಲಿಗೆ ಒಂದು ಫಲಕ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನಾನೂರರಷ್ಟು ಯುವಕ ಯುವತಿಯರು ಇಲ್ಲಿ ಸೇರಿ, ಜಮೀನುದಾರರು ಬೇಟೆಗೆಂದು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಗುಡ್ಡ ಹತ್ತಿದರು. ಮುಂದೆ ನಿಂತವನು ಬೆನ್ನಿ ರಾತ್‌ಮನ್, ಇಪ್ಪತ್ತರ ಮೆಕ್ಯಾನಿಕ್. ಐದು ಜನರಿಗೆ ಜೈಲಾಯಿತು. ಆರು ದಿನ ಹೊಗೆ ಕುಡಿದವರಿಗೆ ಏಳನೇ ದಿನ ಗಾಳಿ ಬೇಕಿತ್ತು. ಪೀಕ್ ಡಿಸ್ಟ್ರಿಕ್ಟ್ ಅನ್ನುವ ಈ ಸೀಮೆಯನ್ನು 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು.

ಅಲ್ಲಿಂದ ಸ್ನೇಕ್ ಪಾಸ್ ರಸ್ತೆಯ ನೆತ್ತಿಗೆ. ಪೆನೈನ್ ವೇ ಅನ್ನುವ ಕಾಲುದಾರಿ ಇಲ್ಲಿ ರಸ್ತೆ ದಾಟುತ್ತದೆ. ಸುತ್ತ ಮರವಿಲ್ಲ. ಕಪ್ಪು ಪೀಟ್ ಮಣ್ಣು, ಕಂದು ಹುಲ್ಲು, ನಡುನಡುವೆ ನೀರು ನಿಂತ ಹೊಂಡ. ಪೀಟ್ ಅಂದರೆ ಸಾವಿರಾರು ವರ್ಷ ಪಾಚಿ ಕೊಳೆಯದೆ ಕೂತು ಆದ ಮಣ್ಣು. ಅದನ್ನು ಕಟ್ಟುವುದು ಸ್ಫ್ಯಾಗ್ನಂ ಅನ್ನುವ ಪಾಚಿ. ಮ್ಯಾಂಚೆಸ್ಟರ್ ಒಂದು ಕಡೆ, ಶೆಫೀಲ್ಡ್ ಇನ್ನೊಂದು ಕಡೆ. ನೂರೈವತ್ತು ವರ್ಷ ಎರಡೂ ಕಡೆಯ ಹೊಗೆ ಇಲ್ಲಿ ಮಳೆಯಾಗಿ ಇಳಿಯಿತು. ಪಾಚಿ ಸತ್ತಿತು, ಮಣ್ಣು ಬೆತ್ತಲಾಗಿ ಕೊಚ್ಚಿಹೋಗತೊಡಗಿತು. ಈಗ ಇಪ್ಪತ್ತು ವರ್ಷದಿಂದ ಸುಣ್ಣ ಹಾಕಿ, ಹುಲ್ಲು ಬಿತ್ತಿ, ಪಾಚಿಯ ಸಸಿ ಒಂದೊಂದಾಗಿ ನೆಡುತ್ತಿದ್ದಾರೆ. ಗುಡ್ಡಕ್ಕೆ ಅಸಿಡಿಟಿ ಗುಳಿಗೆ ಅಂದೆ. ಮಗಳು ನಕ್ಕಳು, ಹೆಂಡತಿ ನಗಲಿಲ್ಲ. ಬಗ್ಗಿ, ಹೊಂಡದ ಅಂಚಿನ ಹಸಿರು ಪಾಚಿಯನ್ನು ಬೆರಳಿಂದ ಒತ್ತಿ ನೋಡುತ್ತಿದ್ದಳು. ಒತ್ತಿದಲ್ಲಿ ನೀರು ಒಸರಿತು.

ಒಂದು ಹೊಂಡಕ್ಕೆ ಕಾಗದ ಅದ್ದಿದೆ. ಕಿತ್ತಳೆ. ನಾಲ್ಕರ ಆಸುಪಾಸು.

"ಇದೂ ಆ ಗಿರಣೀದ ಏನ್ರೀ?" ಅಂದಳು.

ಪೀಟ್ ನೀರು ತಾನಾಗಿಯೇ ಹುಳಿ ಇರುತ್ತದೆ. ಅದರಲ್ಲಿ ಎಷ್ಟು ಪೀಟಿನದು, ಎಷ್ಟು ಗಿರಣಿಯದು ಅಂತ ಈ ಕಾಗದ ಹೇಳುವುದಿಲ್ಲ ಅಂದೆ.

"ಹಂಗಾದ್ರ ಇಷ್ಟ ದೂರ ಯಾಕ ತಂದ್ರಿ ಅದನ್ನ?"

ದಾರಿಗೆ ದೊಡ್ಡ ದೊಡ್ಡ ಚಪ್ಪಡಿ ಹಾಸಿದ್ದಾರೆ, ಕಾಲು ಹೂಳದಿರಲಿ ಅಂತ. ಅವುಗಳಲ್ಲಿ ಅಲ್ಲಲ್ಲಿ ಬೆರಳು ತೂರುವಷ್ಟು ತೂತು. ಮಗಳು ಹೇಳಿದಳು: ಕೆಡವಿದ ಹತ್ತಿ ಗಿರಣಿಗಳ ನೆಲದ ಕಲ್ಲುಗಳಪ್ಪಾ ಇವು, ಹೆಲಿಕಾಪ್ಟರಿನಲ್ಲಿ ತಂದು ಹಾಕಿದ್ದಾರೆ. ತೂತು ಇರುವುದು ಯಂತ್ರಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದ ಕಡೆ.

ಒಂದು ತೂತಿನಲ್ಲಿ ಮಳೆ ನೀರು ನಿಂತಿತ್ತು. ಕಟ್ಟಿನಲ್ಲಿ ಇನ್ನೂ ಐದಾರು ಕಾಗದ ಉಳಿದಿದ್ದವು. ತೆಗೆಯಲಿಲ್ಲ. ಗಾಳಿ ಜೋರಾಗಿತ್ತು. ಹೆಂಡತಿ ಸೆರಗು ತಲೆಗೆ ಸುತ್ತಿಕೊಂಡು, ಕಲ್ಲಿಂದ ಕಲ್ಲಿಗೆ ಹುಷಾರಾಗಿ ಕಾಲಿಡುತ್ತ ನನಗಿಂತ ಮುಂದೆ ಹೋಗಿಬಿಟ್ಟಿದ್ದಳು.